ಪದೇ ಪದೇ ನೀಲಿ ಪರದೆ: ಮನೆಯ ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವ ಮೊದಲು

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಪೆರಿಯನಾಯಕನಪಾಳ್ಯಂ ಹಾಗೂ ಅದರ ಸುತ್ತಣ ಊರುಗಳ ಕನ್ನಡ ಮನೆಗಳಿಂದ ನಮಗೆ ಬರುವ ಪ್ರಶ್ನೆಗಳಲ್ಲಿ ಶಾಲಾ ದಾಖಲಾತಿ, ಪಠ್ಯಪುಸ್ತಕ, ಪ್ರಮಾಣಪತ್ರಗಳ ವಿಚಾರಗಳ ನಡುವೆ ಈಗ ಇನ್ನೊಂದು ವಿಚಾರವೂ ಸೇರಿಕೊಂಡಿದೆ. ಮಕ್ಕಳು ಓದಲು ಬರೆಯಲು ಬಳಸುವ ಗಣಕಯಂತ್ರವು ಕೆಲಸದ ನಡುವೆಯೇ ಒಮ್ಮೆಲೇ ಸ್ತಬ್ಧವಾಗಿ, ಪರದೆಯಿಡೀ ನೀಲಿಯಾಗಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ತೋರಿಸಿ, ತಾನಾಗಿಯೇ ಮರಳಿ ಆರಂಭಗೊಳ್ಳುತ್ತದೆ. ಒಮ್ಮೆಯಾದರೆ ಯಾರೂ ಲೆಕ್ಕಿಸುವುದಿಲ್ಲ. ವಾರಕ್ಕೆ ಮೂರು ಬಾರಿ, ಅನಂತರ ದಿನಕ್ಕೆ ಎರಡು ಬಾರಿ ಆಗತೊಡಗಿದಾಗ ಅಂಗಡಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ದೊರೆಯುವ ಉತ್ತರ ಬಹುತೇಕ ಒಂದೇ: "ಫಾರ್ಮ್ಯಾಟ್ ಮಾಡಿಬಿಡೋಣ."

ಫಾರ್ಮ್ಯಾಟ್ ಎಂದರೆ ಹಾರ್ಡ್ ಡಿಸ್ಕಿನಲ್ಲಿರುವುದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ದುರಸ್ತಿ ಮಾಡುವವರಿಗೆ ಅದು ಒಂದೆರಡು ಗಂಟೆಗಳಲ್ಲಿ ಮುಗಿಯುವ ಖಚಿತವಾದ ಕೆಲಸ. ಕಾರಣ ಹುಡುಕುವುದಾದರೆ ಒಂದು ದಿನವೂ ಹಿಡಿಯಬಹುದು. ಆದುದರಿಂದ ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಗಡಿನಾಡಿನ ಕನ್ನಡ ಮನೆಯಲ್ಲಿ ಅಳಿಸಿಹೋಗುವುದು ಮರಳಿ ಸಿಗುವ ವಸ್ತುವಲ್ಲ. ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿ ಕಳೆದುಕೊಂಡ ಪ್ರಶ್ನೆಪತ್ರಿಕೆಯನ್ನು ಮರುದಿನವೇ ಹತ್ತು ಕಡೆಗಳಿಂದ ಪಡೆಯಬಲ್ಲನು. ತಾಳವಾಡಿಯ, ಹೊಸೂರಿನ, ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಅಧ್ಯಾಪಕರೊಬ್ಬರು ತಾವೇ ಕುಳಿತು ಕನ್ನಡದಲ್ಲಿ ಬೆರಳಚ್ಚು ಮಾಡಿ ಕೊಟ್ಟ ಟಿಪ್ಪಣಿಯ ಇನ್ನೊಂದು ಪ್ರತಿ ಎಲ್ಲಿಯೂ ಇರದಿರಬಹುದು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಮಾಡಿದ ಕಡತಗಳನ್ನು ಪೆನ್ ಡ್ರೈವಿಗೆ ಉಳಿಸಿಕೊಟ್ಟರೂ, ಆ ಅಕ್ಷರಶೈಲಿಗಳು ಹೊಸ ವಿಂಡೋಸಿನಲ್ಲಿ ಇಲ್ಲದಿದ್ದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕನ್ನಡ ಓದಲು ಬಾರದ ಅಂಗಡಿಯವರಿಗೆ ಅದು ಕೆಟ್ಟುಹೋದ ಕಡತವೆಂದೇ ತೋರುತ್ತದೆ.

ಇಷ್ಟು ಬೆಲೆ ತೆತ್ತಮೇಲೆ ರೋಗವಾದರೂ ಹೋಗುತ್ತದೆಯೇ ಎಂದರೆ, ಅನೇಕ ವೇಳೆ ಅದೂ ಇಲ್ಲ. ಕಾರಣವು ಯಂತ್ರಭಾಗದಲ್ಲಿದ್ದರೆ ಫಾರ್ಮ್ಯಾಟ್ ಮಾಡಿದ ವಾರದೊಳಗೆ ನೀಲಿ ಪರದೆ ಮರಳಿ ಬರುತ್ತದೆ.

ಮಗ್ಗ ತಾನೇ ನಿಲ್ಲುವಂತೆ

ಈ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮಾತಿನ ದೇವಾಂಗ ಕುಟುಂಬಗಳಿಗೆ ಮಗ್ಗದ ಸಂಗತಿಯನ್ನು ನಾವು ಹೇಳಬೇಕಾಗಿಲ್ಲ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿಯೇ ನಿಲ್ಲುತ್ತದೆ. ನಿಲ್ಲದೆ ಓಡಿದರೆ ಬಟ್ಟೆ ಕೆಡುತ್ತದೆ. ಮಗ್ಗ ನಿಂತದ್ದು ಕೆಟ್ಟದ್ದಲ್ಲ, ನೂಲು ಕಡಿದದ್ದು ಕೆಟ್ಟದ್ದು. ನೀಲಿ ಪರದೆಯೂ ಇಂಥದೇ ವ್ಯವಸ್ಥೆ. ವಿಂಡೋಸಿನ ಅಂತರಾಳದಲ್ಲಿ ಕರ್ನೆಲ್ ಎಂಬ ಭಾಗವಿದೆ. ಸ್ಮೃತಿ, ಡಿಸ್ಕ್, ಪರದೆ, ಕೀಲಿಮಣೆ ಇವೆಲ್ಲವನ್ನೂ ನಡೆಸುವುದು ಅದು. ನಾವು ಬಳಸುವ ಬರವಣಿಗೆಯ ತಂತ್ರಾಂಶದಂಥ ಒಂದು ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನೆಲಿನೊಳಗೆ ದೋಷ ಕಂಡುಬಂದರೆ, ಮುಂದುವರಿದಲ್ಲಿ ಡಿಸ್ಕಿನಲ್ಲಿರುವ ಮಾಹಿತಿ ತಪ್ಪುತಪ್ಪಾಗಿ ಬರೆಯಲ್ಪಟ್ಟೀತು ಎಂದು ವಿಂಡೋಸ್ ಉದ್ದೇಶಪೂರ್ವಕವಾಗಿ ಎಲ್ಲವನ್ನೂ ನಿಲ್ಲಿಸಿ, ನಿಂತ ಕಾರಣವನ್ನು ಪರದೆಯ ಮೇಲೆ ಬರೆಯುತ್ತದೆ. ಕಡಿದ ಎಳೆ ಎಲ್ಲಿದೆ ಎಂದು ನೋಡದೆ ಹಾಸನ್ನೇ ಬಿಚ್ಚಿ ಹೊಸದಾಗಿ ಹೂಡುವ ನೇಕಾರನಿಲ್ಲ. ಫಾರ್ಮ್ಯಾಟ್ ಎಂಬುದು ಹಾಗೆ ಹಾಸು ಬಿಚ್ಚುವ ಕೆಲಸ.

ಕರ್ನೆಲಿನೊಳಗೆ ಮೈಕ್ರೋಸಾಫ್ಟ್ ಬರೆದ ಸೂಚನೆಗಳು ಮಾತ್ರವಲ್ಲ, ಡ್ರೈವರ್ ಎಂದು ಕರೆಯಲಾಗುವ ಚಾಲಕ ತಂತ್ರಾಂಶಗಳೂ ಕೆಲಸ ಮಾಡುತ್ತವೆ. ಮುದ್ರಕ, ವೈಫೈ, ಚಿತ್ರಫಲಕ ಮುಂತಾದವುಗಳನ್ನು ತಯಾರಿಸಿದ ಸಂಸ್ಥೆಗಳು ಅವನ್ನು ಬರೆದಿರುತ್ತವೆ. ನೀಲಿ ಪರದೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. 1998ರ ಏಪ್ರಿಲ್ 20ರಂದು ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲಿ ವಿಂಡೋಸ್ 98ರ ಪ್ರದರ್ಶನ ನಡೆಯುತ್ತಿದ್ದಾಗ, ಅವರ ಸಹೋದ್ಯೋಗಿಯೊಬ್ಬರು ಸ್ಕ್ಯಾನರ್ ಒಂದರ ತಂತಿಯನ್ನು ಜೋಡಿಸಿದ ಕೂಡಲೇ ತುಂಬಿದ ಸಭೆಯೆದುರು ನೀಲಿ ಪರದೆ ಕಾಣಿಸಿಕೊಂಡಿತು. ತಯಾರಿಸಿದವರ ವೇದಿಕೆಯಲ್ಲೇ ಹೀಗಾಯಿತೆಂದ ಮೇಲೆ ನಮ್ಮ ಮಕ್ಕಳು "ಏನೋ ಒತ್ತಿಬಿಟ್ಟು ಕೆಡಿಸಿದರು" ಎಂದು ಗದರುವ ಮನೆಗಳವರು ಸ್ವಲ್ಪ ತಡೆಯಬೇಕು.

ಇನ್ನೂ ದೊಡ್ಡ ನಿದರ್ಶನ 2024ರ ಜುಲೈ 19ರದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಕಡತವೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಒಂದೇ ದಿನ ನೀಲಿ ಪರದೆಗೆ ಬಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದು, ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಚೀಟಿ ಬರೆದುಕೊಟ್ಟುದನ್ನು ಪತ್ರಿಕೆಗಳಲ್ಲಿ ನೋಡಿದ ನೆನಪು ಓದುಗರಿಗೆ ಇರಬಹುದು. ಅಂದು ತಂತ್ರಜ್ಞರು ಮಾಡಿದ್ದೇನು? ಯಂತ್ರವನ್ನು ಸೇಫ್ ಮೋಡಿನಲ್ಲಿ ತೆರೆದು ಆ ಒಂದೇ ಒಂದು ಕಡತವನ್ನು ಅಳಿಸಿ ಮರಳಿ ಆರಂಭಿಸಿದರು. ಬೇರೆಲ್ಲವೂ ಇದ್ದಲ್ಲೇ ಇತ್ತು.

ಪರದೆಯಲ್ಲಿ ಏನನ್ನು ಓದಬೇಕು

ವಿಂಡೋಸ್ 8ರಿಂದ ಈಚೆಗೆ ನೀಲಿ ಪರದೆಯಲ್ಲಿ ಸಪ್ಪೆಮೋರೆಯ ಚಿಹ್ನೆಯೊಂದು ದೊಡ್ಡದಾಗಿ ಕಾಣುತ್ತದೆ. ಕಣ್ಣು ಅದರ ಮೇಲೆ ನಿಲ್ಲುತ್ತದೆ, ಆದರೆ ಬೇಕಾದುದು ಕೆಳಗೆ ಸಣ್ಣ ಅಕ್ಷರದಲ್ಲಿರುವ 'ಸ್ಟಾಪ್ ಕೋಡ್' ಎಂಬ ಸಾಲು. ಕೆಲವೊಮ್ಮೆ ಅದರ ಕೆಳಗೆ 'ವಾಟ್ ಫೇಲ್ಡ್' ಎಂದು ಒಂದು ಕಡತದ ಹೆಸರೂ ಇರುತ್ತದೆ. ಆ ಹೆಸರು ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ. 2025ರಲ್ಲಿ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಈ ಪರದೆಯ ಬಣ್ಣ ಕಪ್ಪಾಯಿತು, ಸಪ್ಪೆಮೋರೆ ಹೋಯಿತು. ಸ್ಟಾಪ್ ಕೋಡ್ ಮಾತ್ರ ಉಳಿಯಿತು. ಕಪ್ಪು ಪರದೆ ಕಂಡವರಿಗೂ ಇಲ್ಲಿ ಬರೆದಿರುವುದೆಲ್ಲ ಅನ್ವಯಿಸುತ್ತದೆ.

ಓದುವಷ್ಟರಲ್ಲಿ ಪರದೆ ಮಾಯವಾಗುತ್ತದೆ ಎಂಬ ದೂರು ಸಾಮಾನ್ಯ. ಮೊಬೈಲಿನಲ್ಲಿ ಫೋಟೋ ತೆಗೆದಿಡುವುದು ಸುಲಭ ದಾರಿ. ಅದಕ್ಕೂ ಸಮಯ ಸಿಗದಿದ್ದರೆ, ಸಿಸ್ಟಮ್ ಪ್ರಾಪರ್ಟೀಸಿನ ಅಡ್ವಾನ್ಸ್ಡ್ ಪುಟದಲ್ಲಿ 'ಸ್ಟಾರ್ಟಪ್ ಆ್ಯಂಡ್ ರಿಕವರಿ' ಎಂಬಲ್ಲಿಗೆ ಹೋಗಿ, 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಗುರುತನ್ನು ತೆಗೆದುಹಾಕಬೇಕು. ಆಮೇಲೆ ನಾವು ಗುಂಡಿ ಒತ್ತುವವರೆಗೂ ಪರದೆ ಹಾಗೆಯೇ ನಿಂತಿರುತ್ತದೆ.

ಕಳೆದುಹೋದ ಘಟನೆಗಳ ದಾಖಲೆಯೂ ಯಂತ್ರದೊಳಗೆ ಇರುತ್ತದೆ. ಸ್ಟಾರ್ಟ್ ಪಟ್ಟಿಯಲ್ಲಿ ಇಂಗ್ಲಿಷಿನ 'ರಿಲಯಬಿಲಿಟಿ' ಎಂಬ ಪದವನ್ನು ಟೈಪ್ ಮಾಡಿದರೆ ದಿನವಾರು ಪಟ್ಟಿಯೊಂದು ತೆರೆಯುತ್ತದೆ. ಯಂತ್ರ ಕುಸಿದ ದಿನ ಕೆಂಪು ಗುರುತು, ಹೊಸ ತಂತ್ರಾಂಶ ಸೇರಿದ ದಿನ ನೀಲಿ ಗುರುತು. ಕೆಂಪು ಗುರುತುಗಳು ಆರಂಭವಾದ ದಿನದ ಹಿಂದುಮುಂದು ಏನು ಸೇರಿತು ಎಂದು ನೋಡಿದರೆ ಎಷ್ಟೋ ವೇಳೆ ಅಪರಾಧಿ ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಇದಲ್ಲದೆ ಪ್ರತಿ ಕುಸಿತಕ್ಕೂ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ 'ಮಿನಿಡಂಪ್' ಎಂಬಲ್ಲಿ ಒಂದು ಸಣ್ಣ ಕಡತ ಉಳಿಯುತ್ತದೆ. 'ಬ್ಲೂಸ್ಕ್ರೀನ್‌ವ್ಯೂ' ಎಂಬ ಉಚಿತ ತಂತ್ರಾಂಶವು ಅವುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಫಾರ್ಮ್ಯಾಟ್ ಮಾಡಿದರೆ ಈ ಸಾಕ್ಷ್ಯವೂ ಅಳಿಯುತ್ತದೆ ಎಂಬುದನ್ನು ಗಮನಿಸಬೇಕು.

ಗಣಿತ ಪುಸ್ತಕದ ಕೊನೆಯ ಪುಟ

ಪೆರಿಯನಾಯಕನಪಾಳ್ಯದ ಬಳಿಯ ಒಂದು ಮನೆಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಉಪಯುಕ್ತ. ಮನೆಗೆ ತಾಗಿದಂತೆಯೇ ಎರಡು ವಿದ್ಯುತ್ ಮಗ್ಗಗಳಿವೆ. ಮನೆಯಲ್ಲಿ ಆಡುವುದು ಕನ್ನಡ, ಬೀದಿಯಲ್ಲಿ ತಮಿಳು. ಮಗಳು ರಜೆಯಲ್ಲಿ ಕನ್ನಡ ಬರವಣಿಗೆ ಕಲಿತು, ಅಜ್ಜಿ ಹೇಳುತ್ತಿದ್ದ ಮದುವೆಯ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕೇಳಿ ಕೇಳಿ ನುಡಿಯಲ್ಲಿ ಬೆರಳಚ್ಚು ಮಾಡುತ್ತಿದ್ದಳು. ಮೇಜಿನ ಮೇಲಿಡುವ ಅವರ ಹಳೆಯ ಗಣಕಯಂತ್ರದಲ್ಲಿ ನೀಲಿ ಪರದೆ ಆರಂಭವಾದಾಗ ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಸಿದರು. ಹಾಡಿನ ಕಡತಗಳು ಹೋದವು. ಮೊಬೈಲಿನಿಂದ ಗಣಕಕ್ಕೆ ಸರಿಸಿದ್ದ ಧ್ವನಿಮುದ್ರಣಗಳೂ ಹೋದವು. ಒಂಬತ್ತು ದಿನಗಳಲ್ಲಿ ನೀಲಿ ಪರದೆ ಮರಳಿತು. ಎರಡನೆಯ ಬಾರಿ ಫಾರ್ಮ್ಯಾಟ್ ಆಯಿತು, ಮತ್ತೆ ಮರಳಿತು.

ಮೂರನೆಯ ಬಾರಿ ಅಂಗಡಿಗೆ ಒಯ್ಯುವ ಮೊದಲು ನಮ್ಮನ್ನು ಕೇಳಿದಾಗ ನಾವು ಆ ಹುಡುಗಿಗೆ ಒಂದು ಕೆಲಸ ಹೇಳಿದೆವು. ಪ್ರತಿ ಬಾರಿ ಯಂತ್ರ ನಿಂತಾಗ ದಿನಾಂಕ, ವೇಳೆ, ಸ್ಟಾಪ್ ಕೋಡ್ ಮತ್ತು ಆಗ ಏನು ಮಾಡುತ್ತಿದ್ದೆ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡು ಎಂದು. ಅವಳು ಗಣಿತ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಬರೆದಳು. ಎರಡು ವಾರಗಳಲ್ಲಿ ಏಳು ನಮೂದು. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಒಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಇನ್ನೊಮ್ಮೆ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್', ಮತ್ತೆ ಮೊದಲನೆಯದು. ಮಾಡುತ್ತಿದ್ದ ಕೆಲಸವೂ ಪ್ರತಿ ಬಾರಿ ಬೇರೆ.

ರೋಗನಿದಾನದ ಮುಖ್ಯ ಸೂತ್ರ ಇದರಲ್ಲಿದೆ. ಪ್ರತಿ ಬಾರಿಯೂ ಒಂದೇ ಕೋಡ್ ಬಂದು ಒಂದೇ ಕಡತದ ಹೆಸರು ಕಂಡರೆ ಸಂಶಯವು ಆ ಚಾಲಕ ತಂತ್ರಾಂಶದ ಮೇಲೆ ಹೋಗಬೇಕು. ಕೋಡ್‌ಗಳು ಬದಲಾಗುತ್ತ, ಕೆಲಸಕ್ಕೂ ಕುಸಿತಕ್ಕೂ ಸಂಬಂಧವೇ ಕಾಣದಿದ್ದರೆ ಸಂಶಯವು ಮೊದಲು ರ್‍ಯಾಮ್ ಎಂಬ ಸ್ಮೃತಿಫಲಕದ ಮೇಲೆ ಹೋಗಬೇಕು. ರ್‍ಯಾಮಿನ ಒಂದು ಮೂಲೆ ಕೆಟ್ಟಿದ್ದರೆ ಯಾವ ಹೊತ್ತಿನಲ್ಲಿ ಯಾವ ಮಾಹಿತಿ ಆ ಮೂಲೆಗೆ ಬಂದು ಬೀಳುತ್ತದೆಂದು ಹೇಳಲಾಗದು. ಆದ್ದರಿಂದ ದೂರುವ ಹೆಸರೂ ಪ್ರತಿ ಬಾರಿ ಬೇರೆಯಾಗುತ್ತದೆ. ವಿಂಡೋಸನ್ನು ಎಷ್ಟು ಬಾರಿ ಹೊಸದಾಗಿ ಹಾಕಿದರೂ ಆ ಮೂಲೆ ಹಾಗೆಯೇ ಇರುತ್ತದೆ.

ಪರೀಕ್ಷೆ ಕಷ್ಟವಲ್ಲ. ವಿಂಡೋಸಿನೊಳಗೆ 'ಮೆಮೊರಿ ಡಯಾಗ್ನಸ್ಟಿಕ್' ಎಂಬ ಪರೀಕ್ಷಕ ಇದೆ. ಇನ್ನೂ ಕಟ್ಟುನಿಟ್ಟಾದುದು ಬೇಕಾದರೆ ಪೆನ್ ಡ್ರೈವಿನಿಂದ ನಡೆಸುವ 'ಮೆಮ್‌ಟೆಸ್ಟ್86'. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಫಲಿತಾಂಶ ಸಿದ್ಧ. ಇಲ್ಲಿ ನೂರಕ್ಕೆ ಮೂವತ್ತೈದು ಅಂಕದ ಉತ್ತೀರ್ಣತೆ ಇಲ್ಲ. ಒಂದೇ ಒಂದು ತಪ್ಪು ಬಂದರೂ ಅನುತ್ತೀರ್ಣ. ಆ ಮನೆಯ ಗಣಕದಲ್ಲಿ ಎರಡು ರ್‍ಯಾಮ್ ಫಲಕಗಳಿದ್ದವು. ವಿದ್ಯುತ್ ಪ್ಲಗ್ಗನ್ನು ಕಿತ್ತು, ಒಂದೊಂದನ್ನೇ ಇಟ್ಟು ಪರೀಕ್ಷಿಸಿದಾಗ ಒಂದರಲ್ಲಿ ತಪ್ಪುಗಳು ಬಂದವು. ಫಲಕದ ಹೊಂಬಣ್ಣದ ಅಂಚನ್ನು ಮೃದುವಾದ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮರಳಿ ಕೂರಿಸಿದರೆ ಕೆಲವೊಮ್ಮೆ ಸರಿಹೋಗುವುದುಂಟು. ಕೊಳೆಯಿಂದ ಸಂಪರ್ಕ ತಪ್ಪಿದ್ದರೆ ಮಾತ್ರ. ಇಲ್ಲಿ ಸರಿಹೋಗಲಿಲ್ಲ. ಆ ಫಲಕವನ್ನು ತೆಗೆದಿಟ್ಟ ದಿನದಿಂದ ನೀಲಿ ಪರದೆ ಬಂದಿಲ್ಲ. ಅಜ್ಜಿ ಈಗ ಹಾಡುಗಳನ್ನು ಎರಡನೆಯ ಬಾರಿ ಹೇಳುತ್ತಿದ್ದಾರೆ, ಆದರೆ ಮೊದಲ ಬಾರಿ ಹೇಳಿದ್ದೆಲ್ಲ ನೆನಪಿಗೆ ಬರುತ್ತಿಲ್ಲ.

ಹತ್ತಿಯ ನಾರು, ವಿದ್ಯುತ್ತಿನ ಏರಿಳಿತ

ನಮ್ಮ ಪ್ರದೇಶಕ್ಕೇ ಹೊಂದುವ ಎರಡು ಕಾರಣಗಳನ್ನು ಹೊರಗಿನವರು ಬರೆದ ಸಲಹೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳು ನೂಲು, ನೇಯ್ಗೆ, ಹೆಣಿಗೆಯ ಬನಿಯನ್ ಉಡುಪುಗಳ ನಾಡು. ಮಗ್ಗ ಅಥವಾ ಹೊಲಿಗೆಯಂತ್ರ ಇರುವ ಮನೆಯ ಗಾಳಿಯಲ್ಲಿ ಹತ್ತಿಯ ನಾರು ತೇಲುತ್ತಿರುತ್ತದೆ. ಸಾಮಾನ್ಯ ಧೂಳು ಫ್ಯಾನಿನ ಎಸಳುಗಳ ಮೇಲೆ ಕೂರುತ್ತದೆ. ಹತ್ತಿಯ ನಾರು ಹಾಗಲ್ಲ, ಪ್ರೊಸೆಸರನ್ನು ತಂಪುಗೊಳಿಸುವ ಲೋಹದ ರೆಕ್ಕೆಗಳ ನಡುವೆ ಸಿಕ್ಕಿ ಕಂಬಳಿಯಂತೆ ಹಬ್ಬುತ್ತದೆ. ಲ್ಯಾಪ್‌ಟಾಪಿನಲ್ಲಿ ಹೊರಗಿನಿಂದ ಅದು ಕಾಣುವುದೂ ಇಲ್ಲ. ಅತಿಯಾಗಿ ಕಾದ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಯಂತ್ರ ಯಾವ ಸಂದೇಶವೂ ಇಲ್ಲದೆ ತಟ್ಟನೆ ಆರುತ್ತದೆ. ಇವೆರಡರ ನಡುವೆ ಕೆಲವೊಮ್ಮೆ 'ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್' ಎಂಬ ನೀಲಿ ಪರದೆಯೂ ಬರುತ್ತದೆ. ಇದು ಯಂತ್ರಭಾಗವೇ ದೋಷ ವರದಿ ಮಾಡಿದೆ ಎಂಬುದರ ಸೂಚನೆ. ಬಿಸಿ ಅದರ ಕಾರಣಗಳಲ್ಲಿ ಒಂದು. ಆಟವಾಡುವಾಗ ಅಥವಾ ವಿಡಿಯೋ ಪಾಠ ನೋಡುವಾಗ ಮಾತ್ರ, ಅದೂ ಅರ್ಧ ಗಂಟೆ ಕಳೆದ ಮೇಲೆ ಯಂತ್ರ ನಿಲ್ಲುತ್ತಿದ್ದರೆ ಮೊದಲು ಸ್ವಚ್ಛಗೊಳಿಸಬೇಕು. ಮೇಜಿನ ಗಣಕವಾದರೆ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಕುಂಚದಿಂದ ನಾರನ್ನು ಬಿಡಿಸಬಹುದು. ಲ್ಯಾಪ್‌ಟಾಪನ್ನು ಬಿಚ್ಚುವ ಕೆಲಸ ಬಲ್ಲವರಿಗೇ ಇರಲಿ. ಹಾಸಿಗೆಯ ಮೇಲಿಟ್ಟು ಬಳಸುವ ಅಭ್ಯಾಸವನ್ನಾದರೂ ಇಂದೇ ಬಿಡಿಸಬಹುದು.

ಎರಡನೆಯದು ವಿದ್ಯುತ್ತು. ಎರಕದ ಕಾರ್ಖಾನೆ, ಪಂಪ್ ತಯಾರಿಕೆ, ಲೇತ್ ಶೆಡ್‌ಗಳು ಮನೆಗಳ ಬೆನ್ನಿಗೇ ಇರುವ ಊರುಗಳಲ್ಲಿ ದೊಡ್ಡ ಮೋಟಾರು ಚಾಲೂ ಆದಾಗ ದೀಪ ಮಂಕಾಗುವುದನ್ನು ಎಲ್ಲರೂ ನೋಡಿದ್ದೇವೆ. ಗಣಕದೊಳಗಿನ ಎಸ್‌ಎಂಪಿಎಸ್ ಪೆಟ್ಟಿಗೆಯು ಇಂಥ ಏರಿಳಿತವನ್ನು ತಾಳಿಕೊಳ್ಳುವಂತೆಯೇ ಮಾಡಲ್ಪಟ್ಟಿದೆ. ಆದರೆ ಹಳತಾದಂತೆ, ಅಗ್ಗದ್ದಾದಂತೆ, ಆ ಶಕ್ತಿ ಕುಂದುತ್ತದೆ. ಇದನ್ನು ಗುರುತಿಸಲು ಒಂದು ಉಪಾಯವಿದೆ. 'ಈವೆಂಟ್ ವ್ಯೂವರ್' ತೆರೆದು ಸಿಸ್ಟಮ್ ದಾಖಲೆಯಲ್ಲಿ ನೋಡಿದರೆ, ಯಂತ್ರ ಸರಿಯಾಗಿ ಮುಚ್ಚದೆ ನಿಂತ ಪ್ರತಿ ಬಾರಿಯೂ 'ಕರ್ನೆಲ್-ಪವರ್ 41' ಎಂಬ ನಮೂದು ಇರುತ್ತದೆ. ಅದರೊಂದಿಗೆ 'ಬಗ್‌ಚೆಕ್ 1001' ಎಂಬ ನಮೂದೂ ಇದ್ದರೆ ನಿಜವಾಗಿ ನೀಲಿ ಪರದೆ ಬಂದಿತ್ತು ಎಂದರ್ಥ. 41 ಮಾತ್ರ ಇದ್ದು 1001 ಇಲ್ಲದಿದ್ದರೆ ವಿದ್ಯುತ್ತೇ ಕಡಿದಿರುವ ಸಾಧ್ಯತೆ ಹೆಚ್ಚು: ಎಸ್‌ಎಂಪಿಎಸ್, ಯುಪಿಎಸ್ಸಿನ ಹಳೆಯ ಬ್ಯಾಟರಿ, ಸಡಿಲವಾದ ಪ್ಲಗ್ಗು, ಇಲ್ಲವೇ ಬಿಸಿ. ವಿಂಡೋಸನ್ನು ಬದಲಿಸಿ ಪ್ಲಗ್ಗನ್ನು ಬಿಗಿಗೊಳಿಸಲಾಗದು.

ಡಿಸ್ಕಿನ ದೋಷವಾದರೆ ಮೊದಲು ಪ್ರತಿ

'ಕರ್ನೆಲ್ ಡೇಟಾ ಇನ್‌ಪೇಜ್ ಎರರ್', 'ಅನ್‌ಮೌಂಟಬಲ್ ಬೂಟ್ ವಾಲ್ಯೂಮ್' ಎಂಬ ಕೋಡ್‌ಗಳು ಕಂಡರೆ, ಅಥವಾ ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ, ಉಳಿದೆಲ್ಲವನ್ನೂ ಬಿಟ್ಟು ಮೊದಲು ಕಡತಗಳ ಪ್ರತಿ ಮಾಡಿಕೊಳ್ಳಬೇಕು. ತಮಿಳುನಾಡು ಸರ್ಕಾರವು 2011ರಿಂದ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಇಂದಿಗೂ ತಮ್ಮ ತಂಗಿಯರ ಕೈಯಲ್ಲಿ ಓಡುತ್ತಿವೆ. ತಿರುಗುವ ಹಾರ್ಡ್ ಡಿಸ್ಕಿಗೆ ಇದು ಮುಪ್ಪಿನ ವಯಸ್ಸು. 'ಕ್ರಿಸ್ಟಲ್‌ಡಿಸ್ಕ್‌ಇನ್ಫೋ' ಎಂಬ ಉಚಿತ ತಂತ್ರಾಂಶ ತೆರೆದರೆ ಡಿಸ್ಕಿನ ಆರೋಗ್ಯ ಒಂದೇ ನೋಟಕ್ಕೆ ತಿಳಿಯುತ್ತದೆ. ಹಳದಿ ಅಥವಾ ಕೆಂಪು ಬಣ್ಣದ ಎಚ್ಚರಿಕೆ ಕಂಡರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ಇಂಥ ಡಿಸ್ಕಿನ ಮೇಲೆ 'ಚೆಕ್‌ಡಿಸ್ಕ್' ಎಂಬ ದೀರ್ಘ ಪರೀಕ್ಷೆಯನ್ನು ಪ್ರತಿ ಮಾಡಿಕೊಳ್ಳುವ ಮೊದಲೇ ನಡೆಸಬಾರದು. ಸಾಯುತ್ತಿರುವ ಡಿಸ್ಕಿಗೆ ಆ ಶ್ರಮವೇ ಕೊನೆಯದಾಗಬಹುದು.

ಯಂತ್ರ ತೆರೆಯುವುದೇ ಇಲ್ಲ, ಪ್ರತಿ ಮಾಡುವುದು ಹೇಗೆ ಎಂದು ಕೇಳಬಹುದು. ಪೆನ್ ಡ್ರೈವಿನಿಂದ ಲಿನಕ್ಸನ್ನು ನೇರವಾಗಿ ಓಡಿಸಿದರೆ ವಿಂಡೋಸಿನ ಹಂಗಿಲ್ಲದೆ ಕಡತಗಳನ್ನು ಕಾಣಬಹುದು. ಕಾಸರಗೋಡಿನ ಶಾಲೆಗಳ ಮಕ್ಕಳಿಗೆ ಕೇರಳದ ಕೈಟ್ ಸಂಸ್ಥೆ ಒದಗಿಸಿದ ಲಿನಕ್ಸ್ ಪರಿಚಿತವೇ. ಇಲ್ಲಿನ ಉಚಿತ ಲ್ಯಾಪ್‌ಟಾಪ್‌ಗಳಲ್ಲಿಯೂ ವಿಂಡೋಸಿನ ಜೊತೆಗೆ ಸಿ-ಡ್ಯಾಕ್ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಇತ್ತು. ಯಾರೂ ಅದನ್ನು ತೆರೆದು ನೋಡಲಿಲ್ಲ ಎಂಬುದು ಬೇರೆ ಮಾತು. ಇದು ಆಗದಿದ್ದರೆ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಬೇರೊಂದು ಗಣಕಕ್ಕೆ ಜೋಡಿಸುವಂತೆ ಅಂಗಡಿಯವರನ್ನು ಕೇಳಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಡಿಸ್ಕು ಬಿಟ್‌ಲಾಕರ್ ಎಂಬ ಬೀಗದಿಂದ ಮುಚ್ಚಿರಬಹುದು. ಅದರ 48 ಅಂಕಿಗಳ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಈಗಲೇ ಕಾಗದಕ್ಕೆ ಬರೆದಿಟ್ಟುಕೊಳ್ಳುವುದು ಜಾಣತನ.

ಚಾಲಕ ತಂತ್ರಾಂಶದ ದಾರಿ

ಹೊಸ ಮುದ್ರಕ, ಹೊಸ ವೈಫೈ ಕಡ್ಡಿ, ವಿಂಡೋಸಿನ ಹೊಸ ಅಪ್‌ಡೇಟ್ ಇವುಗಳ ಬೆನ್ನಿಗೇ ತೊಂದರೆ ಆರಂಭವಾಗಿದ್ದರೆ ಪರಿಹಾರ ಸರಳ. ಹೊಸದನ್ನು ಕಿತ್ತು ನೋಡಬೇಕು. 'ಡಿವೈಸ್ ಮ್ಯಾನೇಜರ್' ತೆರೆದು ಸಂಬಂಧಿಸಿದ ಭಾಗದ ಮೇಲೆ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದರೆ ಹಿಂದಿನ ಆವೃತ್ತಿ ಮರಳುತ್ತದೆ. 'ವಿಡಿಯೋ ಟಿಡಿಆರ್ ಫೇಲ್ಯೂರ್' ಎಂದು ಬಂದರೆ ಚಿತ್ರಫಲಕದ ಚಾಲಕ. 'ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್' ಎಂದು ಬಂದರೆ ಯಂತ್ರ ನಿದ್ರೆಯಿಂದ ಏಳುವಾಗ ಎಡವಿದ ಯಾವುದೋ ಚಾಲಕ. ವಿಂಡೋಸ್ ತೆರೆಯುವ ಮುನ್ನವೇ ನೀಲಿ ಪರದೆ ಬರುತ್ತಿದ್ದರೆ ಸೇಫ್ ಮೋಡ್ ಬೇಕು. ಆರಂಭದ ಹಂತದಲ್ಲಿಯೇ ಎರಡು ಮೂರು ಬಾರಿ ವಿಫಲವಾದರೆ ವಿಂಡೋಸ್ ತಾನೇ ದುರಸ್ತಿ ಪಟ್ಟಿಯನ್ನು ತೋರಿಸುತ್ತದೆ. ಅಲ್ಲಿ 'ಸ್ಟಾರ್ಟಪ್ ಸೆಟಿಂಗ್ಸ್' ಆರಿಸಿ, ಮರಳಿ ಆರಂಭವಾದಾಗ 4 ಒತ್ತಬೇಕು. ಸೇಫ್ ಮೋಡಿನಲ್ಲಿ ಗಂಟೆಗಟ್ಟಲೆ ಯಂತ್ರ ಸುಗಮವಾಗಿ ಓಡಿದರೆ ದೋಷವು ಹೊರಗಿನ ಚಾಲಕ ಅಥವಾ ತಂತ್ರಾಂಶದಲ್ಲಿದೆ ಎಂಬುದು ಬಹುಮಟ್ಟಿಗೆ ಖಚಿತ.

ವಿಂಡೋಸಿನದೇ ಕಡತ ಕೆಟ್ಟಿದ್ದರೆ, ಆಡಳಿತಾಧಿಕಾರದೊಂದಿಗೆ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್, ಎಫ್, ಸಿ ಎಂಬ ಮೂರು ಅಕ್ಷರ, ಒಂದು ತೆರಪು, ಒಂದು ಓರೆಗೆರೆ, ಅದಕ್ಕೆ ತಾಗಿದಂತೆ 'ಸ್ಕ್ಯಾನ್‌ನೌ' ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಸಾಕು. ವಿಂಡೋಸ್ ತನ್ನನ್ನು ತಾನೇ ತಪಾಸಣೆ ಮಾಡಿಕೊಂಡು ಸರಿಪಡಿಸಿಕೊಳ್ಳುತ್ತದೆ, ನಮ್ಮ ಕಡತಗಳನ್ನು ಮುಟ್ಟುವುದಿಲ್ಲ.

'ಎಲ್ಲ ಡ್ರೈವರುಗಳನ್ನೂ ಒಂದೇ ಒತ್ತಿಗೆ ನವೀಕರಿಸುತ್ತೇವೆ' ಎನ್ನುವ ತಂತ್ರಾಂಶಗಳನ್ನು ನಾವು ಯಾವ ಮನೆಗೂ ಶಿಫಾರಸು ಮಾಡುವುದಿಲ್ಲ. ಪರವಾನಗಿಯಿಲ್ಲದ ವಿಂಡೋಸನ್ನು ಚಾಲೂ ಮಾಡಲು ಹಾಕುವ ಕಳ್ಳಕೀಲಿಗಳೂ ಅಷ್ಟೇ. ಅವು ಕರ್ನೆಲಿನವರೆಗೂ ಕೈ ಹಾಕುವುದುಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಅರ್ಹತೆಯಿಲ್ಲದ ಹಳೆಯ ಯಂತ್ರಗಳಿಗೂ ಒತ್ತಾಯದಿಂದ ವಿಂಡೋಸ್ 11 ಹಾಕಿಕೊಡುವ ರೂಢಿ ಬೆಳೆದಿದೆ. ಹತ್ತು ವರ್ಷದ ಹಿಂದಿನ ಭಾಗಗಳಿಗೆ ಹೊಸ ಚಾಲಕ ತಂತ್ರಾಂಶ ಇರುವುದೇ ಇಲ್ಲ. ಇಂಥ ಯಂತ್ರಕ್ಕೆ ಲಿನಕ್ಸ್ ಹಾಕುವುದು ಹೆಚ್ಚು ಕ್ಷೇಮ.

ಒಂದು ಎಚ್ಚರಿಕೆಯನ್ನು ಮನೆಯ ಹಿರಿಯರಿಗೆ ವಿಶೇಷವಾಗಿ ಹೇಳಬೇಕು. ಬ್ರೌಸರಿನಲ್ಲಿ ಇದ್ದಕ್ಕಿದ್ದಂತೆ ನೀಲಿ ಬಣ್ಣದ ಪುಟ ತೆರೆದು, ಕರ್ಕಶ ಸದ್ದು ಮಾಡಿ, 'ಈ ಸಂಖ್ಯೆಗೆ ಕರೆ ಮಾಡಿ' ಎಂದು ದೂರವಾಣಿ ಸಂಖ್ಯೆ ತೋರಿಸಿದರೆ ಅದು ನೀಲಿ ಪರದೆಯಲ್ಲ, ವಂಚನೆ. ನಿಜವಾದ ನೀಲಿ ಪರದೆಯಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲ. ಎಸ್ಕೇಪ್ ಗುಂಡಿಯನ್ನು ಒತ್ತಿ ಹಿಡಿದು, ಅನಂತರ ಆಲ್ಟ್ ಮತ್ತು ಎಫ್4 ಒತ್ತಿ ಆ ಬ್ರೌಸರನ್ನು ಮುಚ್ಚಬೇಕು. ಕರೆ ಮಾಡಬಾರದು.

ಅಂಗಡಿಗೆ ಒಯ್ಯುವುದೇ ಆದರೆ

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಒಯ್ಯುವಾಗ ದಿನಾಂಕ, ವೇಳೆ, ಕೋಡ್‌ಗಳ ಆ ಹಾಳೆಯನ್ನೂ ಜೊತೆಗೆ ಒಯ್ಯಿರಿ. "ಮೊದಲು ರ್‍ಯಾಮ್ ಪರೀಕ್ಷಿಸಿ, ಡಿಸ್ಕ್ ಪರೀಕ್ಷಿಸಿ, ನಮ್ಮನ್ನು ಕೇಳದೆ ಏನನ್ನೂ ಅಳಿಸಬೇಡಿ" ಎಂದು ತಮಿಳಿನಲ್ಲಿಯೇ ಹಾಳೆಯ ಮೇಲೆ ಬರೆದುಕೊಡಿ. ಹಾಳೆಯನ್ನು ಕಂಡ ದುರಸ್ತಿಗಾರರು ಸಾಮಾನ್ಯವಾಗಿ ಬೇರೆ ರೀತಿಯಲ್ಲಿ ಕೆಲಸ ಆರಂಭಿಸುತ್ತಾರೆ ಎಂಬುದನ್ನು ನಾವು ಗಮನಿಸಿದ್ದೇವೆ.

ಫಾರ್ಮ್ಯಾಟ್ ಅನಿವಾರ್ಯವಾದ ಸಂದರ್ಭಗಳೂ ಇವೆ. ಆಗ ಕಡತಗಳ ಜೊತೆಗೆ ಅಕ್ಷರಶೈಲಿಗಳನ್ನೂ ಉಳಿಸಿಕೊಳ್ಳಬೇಕು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ 'ಫಾಂಟ್ಸ್' ಎಂಬಲ್ಲಿ ನುಡಿ ಎಂದು, ಬರಹದವಾದರೆ ಬಿಆರ್‌ಎಚ್ ಎಂದು ಆರಂಭವಾಗುವ ಹೆಸರುಗಳನ್ನು ಹುಡುಕಿ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಮುಖ್ಯವಾದ ಕಡತಗಳನ್ನು ಪಿಡಿಎಫ್ ಆಗಿಯೂ ಉಳಿಸಿದರೆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿಯೂ ಓದಬಹುದು. ಇನ್ನು ಮುಂದೆ ಬರೆಯುವುದನ್ನಾದರೂ ಯೂನಿಕೋಡಿನಲ್ಲಿ ಬರೆಯುವುದು ಒಳ್ಳೆಯದು. ಕನ್ನಡದ ತುಂಗಾ ಅಕ್ಷರಶೈಲಿ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ಇದೆ, ಈಗಿನ ವಿಂಡೋಸಿನಲ್ಲಿ ನಿರ್ಮಲಾ ಇದೆ; ಏನನ್ನೂ ಹೊಸದಾಗಿ ಹಾಕಬೇಕಾಗಿಲ್ಲ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಿಸಿಕೊಡುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ. ಪರಿವರ್ತಕಗಳು ಎಡವುವುದು ಸಾಮಾನ್ಯವಾಗಿ ಅಲ್ಲಿಯೇ.